ವೇಗ ಹೆಚ್ಚಿದರೆ ಕಲ್ಲು ಕಪ್ಪುಕುಳಿಯಾಗುವುದೇ?

ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋ ನಿಯಂತ್ರಣ ಕೇಂದ್ರದ ದೊಡ್ಡ ಆಂಟೆನಾಗಳು ಕಾಣಿಸಿದ್ದೇ ತಡ, ಸ್ಕೂಟರಿನ ಹಿಂದೆ ಕೂತಿದ್ದ ತಂಗಿಯ ಮಗ ಕೇಳಿದ: ‘ಮಾವ, ಸ್ಪೀಡ್ ಜಾಸ್ತಿ ಆದಷ್ಟೂ ಮಾಸ್ ಜಾಸ್ತಿ ಆಗುತ್ತಂತೆ, ಉದ್ದನೂ ಕುಗ್ಗುತ್ತಂತೆ. ಹಾಗಾದ್ರೆ ಕಲ್ಲೊಂದು ಬೆಳಕಿನ ಸ್ಪೀಡ್ ಹತ್ರ ಹೋದ್ರೆ ಬ್ಲ್ಯಾಕ್ ಹೋಲ್ ಆಗ್ಬೇಕಲ್ವಾ?’

ಬ್ಲ್ಯಾಕ್ ಹೋಲ್, ಎಂದರೆ ಬೆಳಕೂ ಹೊರಬರಲಾಗದ ಕಪ್ಪುಕುಳಿ, ಆಗುವುದಿಲ್ಲ. ಆದರೆ ತಪ್ಪು ಹುಡುಗನ ತರ್ಕದಲ್ಲಿಲ್ಲ. ಪಿಯುಸಿ ತರಗತಿಗಳಲ್ಲಿ ನಾನೂ ವರ್ಷಗಟ್ಟಲೆ ಒಪ್ಪಿಸಿದ ‘ವೇಗದೊಡನೆ ದ್ರವ್ಯರಾಶಿ ಹೆಚ್ಚುತ್ತದೆ’ ಎಂಬ ಮಾತಿನಲ್ಲಿದೆ.

ಭೂಮಿಯನ್ನು ಸುಮಾರು 9 ಮಿಲಿಮೀಟರ್ ತ್ರಿಜ್ಯಕ್ಕೆ, ಎಂದರೆ ಹೆಚ್ಚುಕಡಿಮೆ ಸುಲಿದ ಅಡಿಕೆಯ ಗಾತ್ರಕ್ಕೆ, ಅಮುಕಿದರೆ ಅದು ಕಪ್ಪುಕುಳಿಯಾಗುತ್ತದೆ ಎಂಬ ಲೆಕ್ಕ ಜರ್ಮನ್ ವಿಜ್ಞಾನಿ ಕಾರ್ಲ್ ಶ್ವಾರ್ಜ್‌ಶಿಲ್ಡ್ ಐನ್‌ಸ್ಟೈನರ ಗುರುತ್ವ ಸಮೀಕರಣಗಳಿಗೆ 1916ರಲ್ಲಿ ಪ್ರಕಟಿಸಿದ ಪರಿಹಾರದಿಂದ ಬರುತ್ತದೆ. ಅದು ನಿಂತಿರುವ, ತಿರುಗದ ಗೋಳದ ಲೆಕ್ಕ. ಓಡುವ ಕಲ್ಲಿನ ಚಲನಶಕ್ತಿಯನ್ನು ಅದರೊಳಗೆ ತುರುಕಿದರೆ ಉತ್ತರ ಕೆಡದೆ ಇರುತ್ತದೆಯೇ? ಐನ್‌ಸ್ಟೈನ್ ಸಮೀಕರಣಗಳಲ್ಲಿ ಗುರುತ್ವಕ್ಕೆ ಕಾರಣವಾಗುವುದು ಶಕ್ತಿಯೊಂದೇ ಅಲ್ಲ, ಸಂವೇಗ (ಮೊಮೆಂಟಮ್) ಮತ್ತು ಒತ್ತಡಗಳೂ ಹೌದು. ಎಲ್ಲವನ್ನೂ ಕೂಡಿಸಿದಾಗ ನಿಂತಾಗ ಕಲ್ಲಾಗಿದ್ದದ್ದು ಓಡುವಾಗಲೂ ಕಲ್ಲೇ.

ಇದನ್ನು ತಲೆಕೆಳಗು ಮಾಡಿ ನೋಡುವುದು ನನಗೆ ಹೆಚ್ಚು ಇಷ್ಟ. 1991ರ ಅಕ್ಟೋಬರ್‌ನಲ್ಲಿ ಅಮೆರಿಕದ ಯೂಟಾದ ಆಕಾಶದಲ್ಲಿ ಬಾಹ್ಯಾಕಾಶದಿಂದ ಬರುವ ವಿಶ್ವಕಿರಣದ ಕಣವೊಂದು ಪತ್ತೆಯಾಯಿತು. ಅದರ ಶಕ್ತಿ ಸುಮಾರು 50 ಜೂಲ್, ಅಂದರೆ ಗಂಟೆಗೆ 90 ಕಿ.ಮೀ. ವೇಗದಲ್ಲಿ ಬರುವ ಕ್ರಿಕೆಟ್ ಚೆಂಡಿನಷ್ಟು, ಒಂದೇ ಕಣದಲ್ಲಿ! ಅದು ಪ್ರೋಟಾನ್ ಎಂದಿಟ್ಟುಕೊಂಡರೆ, ಅದರ ಪಾಲಿಗೆ ತಾನು ನಿಂತಿದೆ, ಅದೇ ಭೀಕರ ವೇಗದಲ್ಲಿ ಎದುರಿಗೆ ನುಗ್ಗಿ ಬರುತ್ತಿರುವುದು ಭೂಮಿ. ನಮ್ಮ ಹುಡುಗನ ಲೆಕ್ಕದಂತೆ ಆಗ ಭೂಮಿಯ ದ್ರವ್ಯರಾಶಿ ಸುಮಾರು 10 ಲಕ್ಷ ಸೂರ್ಯರಷ್ಟಾಗಿ, ಕಪ್ಪುಕುಳಿಯಾಗಲು ಸಾಕಾಗುವ ತ್ರಿಜ್ಯವೇ 30 ಲಕ್ಷ ಕಿ.ಮೀ. ದಾಟುತ್ತದೆ. ಭೂಮಿಯ ತ್ರಿಜ್ಯವೋ 6,400 ಕಿ.ಮೀ. ಕೂಡ ಇಲ್ಲ. ಆದರೂ ಅಂದು ಹಾಸನದಲ್ಲಿ ಕಾಫಿ ಕುಡಿಯುತ್ತಿದ್ದವರು ಕಪ್ಪುಕುಳಿಯೊಳಗೆ ಬೀಳಲಿಲ್ಲ. ಬೆಳಕು ಹೊರಬರುತ್ತದೋ ಇಲ್ಲವೋ ಎಂಬುದು ನೋಡುವವನ ವೇಗವನ್ನು ಕೇಳಿ ತೀರ್ಮಾನವಾಗುವ ಸಂಗತಿಯಲ್ಲ.

‘ವೇಗದೊಡನೆ ಬದಲಾಗುವ ದ್ರವ್ಯರಾಶಿ’ಯ ಮಾತು ಬೇಡವೆಂದು 1948ರಲ್ಲಿ ಪತ್ರಕರ್ತ ಲಿಂಕನ್ ಬಾರ್ನೆಟ್ ಅವರಿಗೆ ಬರೆದ ಪತ್ರದಲ್ಲಿ ಸ್ವತಃ ಐನ್‌ಸ್ಟೈನರೇ ಹೇಳಿದ್ದರು. ನಾವು ಮಾತ್ರ ಬಿಡಲಿಲ್ಲ, ಏಕೆಂದರೆ ಒಂದು ಅಂಕದ ಪ್ರಶ್ನೆಗೆ ಅದು ಬಹಳ ಅನುಕೂಲ.

‘ಎರಡು ಕಣ ಎದುರುಬದುರು ಬಂದು ಗುದ್ದಿದ್ರೆ?’ ಎಂದ ಹುಡುಗ. ಅದು ಬೇರೆಯೇ ಮಾತು. ಸಮಬಲದ ಆ ಎರಡರ ಸಂವೇಗ ಒಟ್ಟಾರೆ ಸೊನ್ನೆಯಾಗುವುದರಿಂದ, ಯಾವ ವೇಗದಲ್ಲಿ ಜೊತೆಗೆ ಓಡಿ ನೋಡಿದರೂ ಆ ಶಕ್ತಿಯನ್ನು ಇಲ್ಲವಾಗಿಸಲು ಬರುವುದಿಲ್ಲ. ಅಷ್ಟೂ ತಕ್ಕಷ್ಟು ಚಿಕ್ಕ ಜಾಗದಲ್ಲಿ ಕೂಡಿಬಿದ್ದರೆ ಸಿದ್ಧಾಂತದ ಪ್ರಕಾರ ಕಪ್ಪುಕುಳಿ ಹುಟ್ಟಬಹುದು. ಜಿನೀವಾ ಬಳಿಯ ಕಣಭೌತ ಪ್ರಯೋಗಾಲಯ ಸರ್ನ್‌ನಲ್ಲಿ ಪ್ರೋಟಾನ್‌ಗಳನ್ನು ಗುದ್ದಿಸಿ ಹುಡುಕಿದ್ದಾರೆ, ಈವರೆಗೆ ಒಂದೂ ಸಿಕ್ಕಿಲ್ಲ.