ಮೈನಸ್ 25ರಲ್ಲಿ ಮಹಾಪ್ರಾಣ

ಚೈನೀಸ್ ನಾಲ್ಕು ಮಾತು ಕಲೀಬೇಕು ಅಂದ್ರೆ ಜನವರಿಯಲ್ಲಿ ಹಾರ್ಬಿನ್‌ಗೆ ಹೋಗ್ಬೇಕು ಅಂತ ನಾನು ಹೇಳಿದ್ರೆ ನಮ್ಮನೇಲಿ ಯಾರೂ ಸೀರಿಯಸ್ಸಾಗಿ ತಗೊಳಲ್ಲ, ಆದ್ರೆ ಇದ್ರಲ್ಲೊಂದು ಲಾಜಿಕ್ ಇದೆ. ಭಾಷೆ ಬರದ ಊರಲ್ಲಿ ನಾವು ಹೇಗೆ ದಿನ ತಳ್ತೀವಿ ಹೇಳಿ? ಫೋನಲ್ಲಿ ಟ್ರಾನ್ಸ್‌ಲೇಟರ್ ಆ್ಯಪ್ ಇರತ್ತೆ, ಅದಿಲ್ದಿದ್ರೆ ಕೈಸನ್ನೆ, ಅದೂ ಆಗ್ಲಿಲ್ಲ ಅಂದ್ರೆ ಮೆನುನಲ್ಲಿರೋ ಫೋಟೋ ಮೇಲೆ ಬೆರಳಿಟ್ಟು ಹಲ್ಲು ಕಿರಿಯೋದು. ಬಾಯಿಗೆ ತಿನ್ನೋದು ಬಿಟ್ರೆ ಕೆಲಸಾನೇ ಇರಲ್ಲ. ಹಾರ್ಬಿನ್ ಚಳಿ ಈ ಎಲ್ಲಾ ಅನುಕೂಲಾನೂ ಒಂದೊಂದಾಗಿ ಕಿತ್ಕೊಳತ್ತೆ.

ಹಾರ್ಬಿನ್ ಅಂದ್ರೆ ಚೀನಾದ ಈಶಾನ್ಯ ಮೂಲೇಲಿರೋ ಹೈಲೊಂಗ್‌ಜಿಯಾಂಗ್ ಪ್ರಾಂತ್ಯದ ರಾಜಧಾನಿ, 1898ರಲ್ಲಿ ರಷ್ಯನ್ನರು ರೈಲು ಹಾಕೋಕೆ ಶುರು ಮಾಡಿದ್ಮೇಲೆ ಬೆಳೆದ ಊರು, ಅದಕ್ಕೇ ಊರ ಮಧ್ಯೆ ಈರುಳ್ಳಿ ಗುಮ್ಮಟ ಇಟ್ಕೊಂಡು ಸೇಂಟ್ ಸೋಫಿಯಾ ಚರ್ಚ್ ನಿಂತಿದೆ. ಜನವರಿ ರಾತ್ರಿ ಮೈನಸ್ 25 ಆಯ್ತು ಅಂದ್ರೆ ಅಲ್ಲಿ ಅದೇನು ಸುದ್ದಿ ಅಲ್ಲ. ಸೊಂಗ್‌ಹುವಾ ನದಿ ಹೆಪ್ಪುಗಟ್ಟಿರತ್ತೆ, ಅದರ ಐಸನ್ನೇ ದಿಮ್ಮಿ ದಿಮ್ಮಿಯಾಗಿ ಕೊಯ್ದು ತಂದು ಅರಮನೆ ಕಟ್ಟಿ ಒಳಗಡೆ ಕಲರ್ ಲೈಟ್ ಹಾಕ್ತಾರೆ. ಆ ಫೋಟೋಗಳನ್ನ ನೀವೂ ನೋಡಿರ್ತೀರ, ಅದರ ವರ್ಣನೆ ಬೇಡ. ಫೋಟೋ ತೆಗೆದ ಫೋನಿನ ಗತಿ ಆಮೇಲೆ ಏನಾಯ್ತು ಅನ್ನೋದನ್ನ ಮಾತ್ರ ಯಾರೂ ಹೇಳಲ್ಲ.

ಲಿಥಿಯಂ ಬ್ಯಾಟರಿ ಒಳಗಿನ ಕೆಮಿಸ್ಟ್ರಿ ಆ ಚಳಿಗೆ ಮಂದ ಆಗೋಗತ್ತೆ, ಅರ್ಧಕ್ಕಿಂತ ಜಾಸ್ತಿ ಚಾರ್ಜ್ ತೋರಿಸ್ತಿದ್ದ ಫೋನು ಜೇಬಿಂದ ಆಚೆ ತೆಗೆದು ಎರಡು ಫೋಟೋ ಹೊಡೆಯೋಷ್ಟ್ರಲ್ಲಿ ಕಣ್ಮುಚ್ಚತ್ತೆ. ಚೀನಾದಲ್ಲಿ ಫೋನ್ ಹೋಯ್ತು ಅಂದ್ರೆ ನಾಲಿಗೆ ಮಾತ್ರ ಅಲ್ಲ ಪರ್ಸೂ ಹೋದಂಗೆ, ಯಾಕಂದ್ರೆ ಅಲ್ಲಿ ಗೆಣಸು ಸುಟ್ಟು ಮಾರೋರಿಗೂ ಕ್ಯೂಆರ್ ಕೋಡಲ್ಲೇ ದುಡ್ಡು. ಅಲ್ಲಿನ ಜನ ಇದಕ್ಕೂ ಉಪಾಯ ಕಂಡ್ಕೊಂಡಿದಾರೆ, ಬಟ್ಟೆ ಮೇಲೆ ಅಂಟಿಸ್ಕೊಳೋ ಬಿಸಿ ಪ್ಯಾಡ್ ಸಿಗತ್ತೆ, ಅದನ್ನ ಫೋನ್ ಬೆನ್ನಿಗೂ ಅಂಟಿಸಿಬಿಡ್ತಾರೆ. ಆ ಪ್ಯಾಡ್ ಕೊಂಡ್ಕೋಬೇಕಂದ್ರೂ ಮೊದಲು ಬಾಯಿ ಬಿಟ್ಟು ಕೇಳ್ಬೇಕಲ್ಲ.

ಇನ್ನು ಕೈ. ಒಂದೇ ಕೈಲಿ ಹತ್ತರ ತನಕ ತೋರಿಸೋ ಚೆಂದದ ಪದ್ಧತಿ ಇದೆ ಅವರಲ್ಲಿ, ಹೆಬ್ಬೆರಳು ಕಿರುಬೆರಳು ಚಾಚಿದ್ರೆ ಆರು, ಹೆಬ್ಬೆರಳು ತೋರುಬೆರಳು ಚಾಚಿದ್ರೆ ಎಂಟು, ಮುಷ್ಟಿ ಕಟ್ಟಿದ್ರೆ ಹತ್ತು. ಎರಡು ಪದರ ಗ್ಲೌಸ್ ಹಾಕ್ಕೊಂಡ ಮೇಲೆ ಏನು ತೋರಿಸಿದ್ರೂ ಹತ್ತೇ. ಸರಿ ಒಳಗೆ ಹೋಗಿ ಮೆನು ನೋಡೋಣ ಅಂತ ಹೋಟೆಲ್ ಬಾಗಿಲಿಗೆ ಹಾಕಿರೋ ಕಂಬಳಿಯಂಥ ದಪ್ಪ ಪರದೆ ಎತ್ತಿ ನುಗ್ಗಿದ್ರೆ, ಒಳಗೆ ಹೀಟಿಂಗ್, ಜನ ಟೀ ಶರ್ಟಲ್ಲಿ ಕೂತು ತಣ್ಣನೆ ಬಿಯರ್ ಕುಡೀತಿರ್ತಾರೆ, ನಮ್ಮ ಕನ್ನಡಕಕ್ಕೆ ಒಂದೇ ಸಲ ಮಂಜು ಕವ್ಕೊಂಡು ಲೋಕಾನೇ ಬೆಳ್ಳಗಾಗತ್ತೆ. ಮೆನು ಎಲ್ಲಿ, ಫೋಟೋ ಎಲ್ಲಿ. ಉಳಿದಿದ್ದು ಬಾಯೊಂದೇ.

ಇಲ್ಲಿಂದ ಮುಂದೆ ನನಗೆ ಖುಷಿ ಕೊಟ್ಟ ವಿಷಯ. ನಮಸ್ಕಾರ ಅನ್ನೋಕೆ ಚೈನೀಸಲ್ಲಿ ಹೇಳೋ 'ನೀ ಹಾವ್' ಮೇಲಿನ ಜೋಕನ್ನ ಕನ್ನಡದೋರೆಲ್ಲಾ ಮಾಡಿ ಮುಗಿಸಿದಾರೆ, ಅದನ್ನ ಬಿಡಿ. ಚೈನೀಸನ್ನ ರೋಮನ್ ಅಕ್ಷರದಲ್ಲಿ ಬರಿಯೋ ಪಿನ್‌ಯಿನ್ ಅನ್ನೋ ಪದ್ಧತೀನ 1958ರಲ್ಲಿ ಅಲ್ಲಿನ ಸರ್ಕಾರ ಜಾರಿಗೆ ತಂತು, ಎಲ್ಲಾ ಆ್ಯಪಲ್ಲೂ ಪುಸ್ತಕದಲ್ಲೂ ಅದೇ ಇರೋದು, ಆದ್ರೆ ಇಂಗ್ಲಿಷ್ ಓದೋ ಕಣ್ಣಿಗೆ ಅದು ದಾರಿ ತಪ್ಸತ್ತೆ. ಅಲ್ಲಿ 'ಬಿ' ಅಂತ ಬರೆದಿದ್ರೆ ಉಚ್ಚಾರ ನಮ್ಮ ಪ, 'ಪಿ' ಅಂತ ಬರೆದಿದ್ರೆ ಪ ಮೇಲೆ ಉಸಿರು ಸೇರಿಸಿದ ಫ, ಹಾಗೇನೇ ತ-ಥ, ಕ-ಖ, ಚ-ಛ. ಗ, ದ, ಬ ಅಲ್ಲಿ ಇಲ್ವೇ ಇಲ್ಲ. ಅಂದ್ರೆ ನಮ್ಮ ವರ್ಗಾಕ್ಷರದಲ್ಲಿ ಮೊದಲನೇದು ಎರಡನೇದು ಇಟ್ಕೊಂಡು ಮೂರು ನಾಲ್ಕನ್ನ ಪಕ್ಕಕ್ಕಿಟ್ರೆ ಮುಕ್ಕಾಲು ಕೆಲಸ ಆಯ್ತು. ರಾಜಧಾನಿ ಹೆಸರನ್ನ ಪೇಯ್‌ಚಿಂಗ್ ಅನ್ನಿ, ಅವರಿಗೆ ಖುಷಿಯಾಗತ್ತೆ. ಎಷ್ಟು ದುಡ್ಡು ಅಂತ ಕೇಳೋಕೆ 'ತ್ವೊ ಷಾವ್ ಛಿಯೆನ್', ಅದು ಜಾಸ್ತಿ ಆಯ್ತಪ್ಪ ಅನ್ನೋಕೆ 'ಥಾಯ್ ಕ್ವೇಯ್ ಲ', ಥ್ಯಾಂಕ್ಸ್‌ಗೆ 'ಶಿಯೆ ಶಿಯೆ'. ನೋಡಿ, ಶ-ನೂ ಬಂತು ಷ-ನೂ ಬಂತು, ಎರಡೂ ಬೇರೆ ಬೇರೆ, ಬೆರೆಸಿದ್ರೆ ನಡಿಯಲ್ಲ.

ನಮ್ಮಲ್ಲಿ ಈ ಅಕ್ಷರಗಳ ಸ್ಥಿತಿ ಗೊತ್ತೇ ಇದೆ. ಮೇಷ್ಟ್ರು ಹೊಟ್ಟೆ ಬಗೆಯೋ ಷ ಅಂತ ಬರೆಸಿದ್ದೇ ಬರೆಸಿದ್ದು, ಆಡೋ ಮಾತಲ್ಲಿ ಮಾತ್ರ ಹೆಚ್ಚಿನೋರ ಬಾಯಲ್ಲಿ ಶ ಷ ಎರಡೂ ಒಂದೇ, ಭಾರತ ಬಾರತ ಆಗಿರತ್ತೆ, ಖಾರ ಕಾರ ಆಗಿರತ್ತೆ. ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರಂತೂ ಮಹಾಪ್ರಾಣ, ಷ ಎಲ್ಲಾ ಕನ್ನಡದ ಬರವಣಿಗೆಗೆ ಬೇಡ ಅಂತಾನೇ ವಾದಿಸಿದ್ರು. ಅವರ ವಾದದಲ್ಲಿ ಹುರುಳಿದೆ, ನಾನು ಜಗಳಕ್ಕೆ ಹೋಗಲ್ಲ, ಆದ್ರೆ ಆ ಅಕ್ಷರಗಳು ಹಾರ್ಬಿನ್‌ನಲ್ಲಿ ನನಗೆ ಊಟ ಹಾಕಿವೆ.

ಚಳಿ ಇದನ್ನ ಕಲಿಸೋ ರೀತೀನೇ ಮಜಾ. ಮೈನಸ್ 25ರಲ್ಲಿ ಉಸಿರು ಕಣ್ಣಿಗೆ ಕಾಣತ್ತೆ. ಮಫ್ಲರ್ ಗಲ್ಲದ ಕೆಳಗೆ ಎಳ್ಕೊಂಡು 'ತ' ಅಂದ್ರೆ ಬಾಯಿ ಮುಂದೆ ಸಣ್ಣ ಎಳೆ, 'ಥ' ಅಂದ್ರೆ ದಪ್ಪ ಹೊಗೆ ಮುದ್ದೆ. ಬೆಂಗಳೂರಿನ ಯಾವ ಕ್ಲಾಸಲ್ಲಿ ಸಿಗತ್ತೆ ಹೇಳಿ ಇದು? ಚುಂಗ್‌ಯಾಂಗ್ ಬೀದೀಲಿ ಫ್ರಿಜ್ಜೇ ಇಲ್ದೆ ರಟ್ಟಿನ ಡಬ್ಬೀಲಿ ಐಸ್ ಕ್ಯಾಂಡಿ ಜೋಡಿಸಿ ಮಾರ್ತಾರೆ, ಅಲ್ಲಿನ ಆಂಟಿ ಒಬ್ರನ್ನ ಅವರ ಪದ್ಧತಿ ಥರಾನೇ 'ಆ ಯೀ' ಅಂತ ಕರೆದು ಛಿಯೆನ್ ಅಂತ ಹೊಗೆ ಬಿಟ್ಟು ಕೇಳ್ದೆ, ಅವರು ನನಗಿಂತ ದೊಡ್ಡ ಹೊಗೆ ಬಿಟ್ಟು ರೇಟ್ ಹೇಳಿದ್ರು.

ಬಿಸಿನೀರು ಅನ್ನೋಕೆ ಬೇಕಾಗೋ ಮೊದಲನೇ ಅಕ್ಷರಕ್ಕೆ ಹೊಸಗನ್ನಡದಲ್ಲಿ ಲಿಪಿ ಇಲ್ಲ, ಹಳಗನ್ನಡದ ೞ ಇದೆಯಲ್ಲ, 'ತಮಿಳ್' ಅನ್ನೋದರ ಕೊನೇಲಿ ತಮಿಳರು ನಾಲಿಗೆ ಮಡಚ್ತಾರಲ್ಲ, ಹತ್ರತ್ರ ಅದು. 'ೞ ಷ್ವೇಯ್' ಅಂದ್ರೆ ಕೇಳಿದ ತಕ್ಷಣ ಕೊಡ್ತಾರೆ, ಯಾರೂ ವಿಚಿತ್ರವಾಗಿ ನೋಡಲ್ಲ, ಯಾಕಂದ್ರೆ ನೆಗಡಿಗೂ ಹೊಟ್ಟೆನೋವಿಗೂ ಬಿಸಿನೀರು ಕುಡಿ ಅನ್ನೋ ದೇಶ ಅದು, ಅವರ ರೈಲು ಬೋಗೀಲೂ ಕುದಿಯೋ ನೀರಿನ ನಲ್ಲಿ ಇರತ್ತೆ. ನಮ್ಮತ್ತೆ ಅಲ್ಲೇ ಹುಟ್ಟಿರಬೇಕಿತ್ತು.

ದನಿಯ ಏರಿಳಿತದ ವಿಷಯಕ್ಕೆ ಮಾತ್ರ ನಮ್ಮ ವರ್ಣಮಾಲೆ ಕೈಯೆತ್ತತ್ತೆ. ನಾಲ್ಕು ಟೋನು. 'ಥಾಂಗ್' ಅಂತ ಎತ್ತರದಲ್ಲೇ ಎಳೆದ್ರೆ ಸೂಪು, ಕೆಳಗಿಂದ ಮೇಲಕ್ಕೆ ಎತ್ತಿದ್ರೆ ಸಕ್ಕರೆ. ಇದಕ್ಕೆ ನಾನು ಹಿಡಿದ ದಾರಿ ಏನಂದ್ರೆ ಬಿಡಿ ಪದ ಕಲಿಯೋ ಗೋಜಿಗೇ ಹೋಗ್ದೆ ಇಡೀ ವಾಕ್ಯಾನ ಹಾಡಿನ ಥರ ಬಾಯಿಪಾಠ ಮಾಡೋದು. ಅದ್ರಲ್ಲೂ ಸಸ್ಯಾಹಾರಿಗಳು 'ವೋ ಛ್ ಸೂ', ಅಂದ್ರೆ ನಾನು ಸಸ್ಯಾಹಾರಿ ಅನ್ನೋದನ್ನ ವಿಮಾನ ಹತ್ತೋ ಮುಂಚೆನೇ ರೂಢಿ ಮಾಡ್ಕೊಳಿ, ಜೊತೆಗೆ 'ತೀ ಸಾನ್ ಶಿಯೆನ್' ಅನ್ನೋ ಹೆಸರನ್ನೂ, ಬದನೆಕಾಯಿ ಆಲೂಗಡ್ಡೆ ದೊಣ್ಣೆಮೆಣಸಿನಕಾಯಿ ಕರಿದು ಬೆಳ್ಳುಳ್ಳಿ ಹಾಕಿ ಮಾಡೋ ಆ ಸೀಮೆಯ ಪಲ್ಯ, ಅನ್ನದ ಜೊತೆ ಭರ್ತಿ ಚೆನ್ನಾಗಿರತ್ತೆ.

ಒಂದೇ ತೊಂದ್ರೆ. ಮಹಾಪ್ರಾಣ ಸರಿಯಾಗಿ ಹಾಕಿ ಹೊಗೆ ಬಿಟ್ಟು ಮಾತಾಡಿದ್ರೆ ಇವನಿಗೆ ಭಾಷೆ ಬರತ್ತೆ ಅಂದ್ಕೊಂಡು ಅವರು ಫುಲ್ ಸ್ಪೀಡಲ್ಲಿ ಶುರು ಹಚ್ಕೋತಾರೆ, ಆ ಕಡೆ ಜನ ಮೊದಲೇ ಮಾತಿನ ಮಲ್ಲರು. ಆಗ 'ಥಿಂಗ್ ಪು ತೊಂಗ್', ನನಗೆ ಅರ್ಥ ಆಗ್ತಿಲ್ಲ ಅನ್ನಬೇಕು. ಅದನ್ನೂ ಅಚ್ಚುಕಟ್ಟಾಗಿ ಹೇಳಿದ್ರೆ ನಂಬಲ್ಲ, ನಗ್ತಾ ಇನ್ನೂ ಎರಡು ನಿಮಿಷ ಮಾತಾಡ್ತಾರೆ.