ಮಾವನ ಎಚ್‌ಎಂಟಿ ಲಾರಿ ಹತ್ತಿದ್ದು

ಹೆಣ್ಣು ಕೊಡುವಾಗ ನಮ್ಮ ಮಾವ ನನ್ನ ಬಗ್ಗೆ ಇಷ್ಟೊಂದು ವಿಚಾರಿಸಿರಲಿಲ್ಲ. ತಮ್ಮ ಹಳೇ ಎಚ್‌ಎಂಟಿ ಟ್ರ್ಯಾಕ್ಟರನ್ನು ರಾಣೆಬೆನ್ನೂರಿನಿಂದ ಶಿರಾ ಪಕ್ಕದ ನಮ್ಮೂರಿಗೆ ಸಾಗಿಸುವ ಲಾರಿಯವನ ಊರು, ಮನೆತನ, ಕುಡಿತ ಎಲ್ಲ ಕೆದಕಿ ಕೇಳಿದರು.

ಕಳವಳಕ್ಕೆ ಕಾರಣವಿದೆ. ಕೈಗಡಿಯಾರ ಮಾಡುತ್ತಿದ್ದ ಎಚ್‌ಎಂಟಿಯೇ 1971ರಿಂದ ಹರಿಯಾಣದ ಪಿಂಜೋರಿನಲ್ಲಿ ಜೆಕ್ ಮೂಲದ ಜೆಟರ್ ಮಾದರಿಯ ಟ್ರ್ಯಾಕ್ಟರನ್ನೂ ಮಾಡುತ್ತಿತ್ತು. 2016ರಲ್ಲಿ ಕೇಂದ್ರ ಸರ್ಕಾರ ಆ ವಿಭಾಗವನ್ನು ಮುಚ್ಚಲು ತೀರ್ಮಾನಿಸಿತು. ಈಗ ಒಂದು ಬಿಡಿಭಾಗ ಕಳೆದರೂ ಗುಜರಿ ಅಂಗಡಿ ಸುತ್ತಬೇಕು. (ಮಾವನ ಎಚ್‌ಎಂಟಿ ವಾಚು ನಿಂತು ಎಷ್ಟೋ ವರ್ಷವಾಯಿತು, ಅದರ ಚಿಂತೆ ಅವರಿಗಿಲ್ಲ.) ಓಡಿಸಿಕೊಂಡೇ ಬರೋಣವೆಂದರೆ ದಾವಣಗೆರೆ, ಚಿತ್ರದುರ್ಗ, ಹಿರಿಯೂರು ದಾಟಿ ಸುಮಾರು 180 ಕಿ.ಮೀ. ಗಂಟೆಗೆ 20ರ ಮೇಲೆ ಹೋದರೆ ಅದರ ಸ್ಟೀರಿಂಗು ಭರತನಾಟ್ಯ ಶುರುಮಾಡುತ್ತದೆ.

ಮೊದಲನೆಯವನನ್ನು ಹುಡುಕಿದ್ದು ನನ್ನ ಭಾಮೈದ. "ನಂಬಿಗಸ್ಥ, ನಮ್ಮ ಪೈಕಿನ" ಎಂದ. ಫೋನಿನಲ್ಲಿ ಆ ಪುಣ್ಯಾತ್ಮ ಏನು ಕೇಳಿದರೂ "ಆಗ್ತೈತಿ ಬಿಡ್ರಿ ಸರ" ಅನ್ನುತ್ತಿದ್ದ. ಸರಪಳಿ? ಆಗ್ತೈತಿ. ಏರಿಸುವುದು? ಆಗ್ತೈತಿ. ಅಡ್ವಾನ್ಸ್ ಹೋಯಿತು. ಹೇಳಿದ ದಿನದ ಮಾರನೇ ದಿನ ಬಂದದ್ದು ಟಾಟಾ ಏಸ್, 750 ಕಿಲೋ ಹೊರುವ ಗಾಡಿ. ಟ್ರ್ಯಾಕ್ಟರಿನದು ಒಂದೂವರೆ ಟನ್ನಿಗೂ ಮಿಕ್ಕಿದ ತೂಕ. ಡ್ರೈವರ್ ಹುಡುಗ ಅದನ್ನೊಮ್ಮೆ ಇದನ್ನೊಮ್ಮೆ ನೋಡಿ, "ಟ್ರ್ಯಾಕ್ಟರ್ ಅಂದಿದ್ದಿಲ್ರಿ, ಟ್ರ್ಯಾಕ್ಟರ್ ಸಾಮಾನು ಅಂದಿದ್ರು" ಎಂದ. ಮಾವ ಅವನಿಗೆ ಚಹಾ ಕುಡಿಸಿ ಕಳಿಸಿದರು. ಅಡ್ವಾನ್ಸ್ ವಾಪಸು ಕೇಳಿದರೆ ಇವತ್ತಿಗೂ "ಆಗ್ತೈತಿ ಬಿಡ್ರಿ."

ಎರಡನೆಯವನನ್ನು ತೋರಿಸಿದ್ದು ಟ್ರ್ಯಾಕ್ಟರ್ ಗ್ಯಾರೇಜಿನ ಮೇಸ್ತ್ರಿ. ಈತನದು ಕ್ಯಾಂಟರ್. ಮುಖದಲ್ಲಿ ನಗುವಿಗೆ ಜಾಗವೇ ಇಲ್ಲ, ಬಾಯಿ ಬಿಟ್ಟರೆ ಪ್ರಶ್ನೆ. ಆರ್‌ಸಿ ಯಾರ ಹೆಸರಿಗೈತಿ? ಬ್ರೇಕ್ ಹಿಡೀತಾವ? ಇಳಿಸಾಕ ನಿಮ್ಮೂರಾಗ ದಿಣ್ಣಿ ಐತೇನು? ಊರ ಕಮಾನು ಎಷ್ಟು ಎತ್ತರ? ಸೈಲೆನ್ಸರ್ ಬಿಚ್ಚಿಡ್ರಿ, ಇಲ್ಲಾಂದ್ರ ನಾ ಬರಂಗಿಲ್ಲ. ಭಾಮೈದ ನನ್ನ ಕಿವಿಯಲ್ಲಿ, "ಕಿರಿಕಿರಿ ಗಿರಾಕಿ, ಬ್ಯಾಡ ಬಿಡ್ರಿ" ಎಂದ. ನನಗೆ ಆಗಲೇ ಆಸಾಮಿ ಹಿಡಿಸಿಬಿಟ್ಟಿದ್ದ.

ಬಂದವನೇ ಕ್ಯಾಂಟರನ್ನು ರಿವರ್ಸ್ ತಂದು ದಿಣ್ಣೆಗೆ ಒತ್ತಿ ನಿಲ್ಲಿಸಿದ. ಟ್ರ್ಯಾಕ್ಟರು ಸೀದಾ ಒಳಗೆ ಹೋಯಿತು. ಗೇರಿನಲ್ಲಿಟ್ಟು, ಚಕ್ರಗಳ ಹಿಂದೆ ಮುಂದೆ ಮರದ ದಿಮ್ಮಿ ಕೊಟ್ಟು, ಸರಪಳಿ ಬಿಗಿದ. ಬ್ಯಾಟರಿ ಬಿಚ್ಚಿ ಕ್ಯಾಬಿನ್ನಿನಲ್ಲಿಟ್ಟುಕೊಂಡ. ಹಿಂದೆ ನೇಗಿಲು ಜೋಡಿಸುವ ಟಾಪ್‌ಲಿಂಕ್ ಪಿನ್ನುಗಳನ್ನು ಕವರಿಗೆ ಹಾಕಿ, ಎಣಿಸಿ, ಮಾವನ ಕೈಲಿ ಚೀಟಿ ಬರೆಸಿದ. ಕೊನೆಗೆ ಟ್ಯಾಂಕಿಗೊಂದು ಬೇವಿನ ಕಡ್ಡಿ ಅದ್ದಿ, ಡೀಸೆಲ್ ಒದ್ದೆಯಾದಲ್ಲಿಗೆ ಚಾಕುವಿನಿಂದ ಗೀಟು ಹಾಕಿ ಅದನ್ನೂ ಜೋಪಾನವಾಗಿ ಇಟ್ಟುಕೊಂಡ. ಮಾವನ ಕಣ್ಣು ಒದ್ದೆಯಾಗುವುದೊಂದು ಬಾಕಿ.

ನಾನೂ ಅದೇ ಕ್ಯಾಂಟರಿನಲ್ಲಿ ಬ್ಯಾಟರಿ ಮೇಲೆ ಕಾಲಿಟ್ಟುಕೊಂಡು ಬಂದೆ. ದಾರಿಯುದ್ದಕ್ಕೂ ಮಾವನ ಫೋನು. ಸರಪಳಿ ಸಡಿಲಾಗಿಲ್ಲಲ್ಲ? ಮಳಿ ಬಂತೇನು? ಅಳಿಯ ಊಟ ಮಾಡಿದನೇ ಎಂಬ ಪ್ರಶ್ನೆ ಹಿರಿಯೂರು ದಾಟಿದರೂ ಬರಲಿಲ್ಲ.

ನಮ್ಮೂರ ಕಮಾನಿನ ಕೆಳಗೆ ಕ್ಯಾಂಟರ್ ಉಸಿರು ಬಿಗಿಹಿಡಿದು ನುಸುಳಿತು. ಸ್ಟೀರಿಂಗಿಗೂ ದಾನಿಗಳ ಹೆಸರಿಗೂ ನಡುವೆ ಉಳಿದದ್ದು ಒಂದು ಗೇಣು. ಇಳಿಸಿದ ಮೇಲೆ ಕಡ್ಡಿ ಅದ್ದಿ ತೋರಿಸಿದ. ಗೀಟಿಗೆ ಸರಿಯಾಗಿ ಡೀಸೆಲ್.

"ಫೋನು ಅವಂಗ ಕೊಡ್ರಿ" ಎಂದರು ಮಾವ. "ನೇಗಿಲು ಇಲ್ಲೇ ಉಳದೈತೆಪಾ, ಯಾವಾಗ ಒಯ್ತಿ?"

"ಅದಕ್ಕ ಬೋಲ್ಟ್ ಎಷ್ಟದಾವ, ಎಣಿಸಿ ಇಟ್ಟಿರ್ರಿ" ಎಂದು ಫೋನು ನನ್ನ ಕೈಗೆ ಕೊಟ್ಟ.