ಹಳೆಯ ರಾಕ್ ಜಾಹೀರಾತು ಮಾರಲು ಪ್ರಮಾಣಪತ್ರ ಕಡ್ಡಾಯವೇ? ಸ್ಪಷ್ಟನೆ

‘1960ರ ದಶಕದ ರಾಕ್ ಸಂಗೀತದ ಯಾವ ಜಾಹೀರಾತನ್ನೂ ತಜ್ಞರ ಪ್ರಮಾಣಪತ್ರವಿಲ್ಲದೆ ಮಾರಬಾರದು; ನೇರಳಾತೀತ ಬೆಳಕಿನಲ್ಲಿ ಕಾಗದ ಹೊಳೆದರೆ ಅದು ನಕಲಿ’ ಎಂಬ ಮಾತು ಸಂಗ್ರಾಹಕರ ನಡುವೆ ಹರಿದಾಡುತ್ತಿದೆ. ಎರಡೂ ತಪ್ಪು.

ಮೊದಲು ಬೆಳಕಿನ ವಿಷಯ. ಕಾಗದವನ್ನು ಬೆಳ್ಳಗಾಗಿಸುವ, ಹೊಳೆಯುವ ರಾಸಾಯನಿಕಗಳು 1950ರ ದಶಕದಲ್ಲೇ ಬಳಕೆಗೆ ಬಂದಿದ್ದವು. ಹೀಗಾಗಿ ಅಸಲಿ ಹಾಳೆಯೂ ಹೊಳೆಯಬಹುದು. ಈ ಒಂದೇ ಪರೀಕ್ಷೆ ನಂಬಿ ಒಳ್ಳೆಯ ಹಾಳೆಯನ್ನು ಕಸಕ್ಕೆ ಹಾಕುವುದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಪತ್ರಿಕೆಯಿಂದ ಕತ್ತರಿಸಿದ ಪುಟಕ್ಕೆ ಸಾಮಾನ್ಯವಾಗಿ ಪ್ರಮಾಣಪತ್ರ ಬೇಕಿಲ್ಲ. ಅದರ ಶುಲ್ಕವೇ ಪುಟದ ಬೆಲೆಯನ್ನು ಮೀರಬಹುದು. ಹಾಳೆ ತಿರುಗಿಸಿ ನೋಡಿ: ಹಿಂಬದಿಯಲ್ಲಿ ಅದೇ ಸಂಚಿಕೆಯ ಲೇಖನವೋ ಬೇರೆ ಜಾಹೀರಾತೋ ಇರಬೇಕು. ಹಿಂಬದಿ ಖಾಲಿಯಿದ್ದರೆ ಅನುಮಾನಿಸಿ. ಸಂಚಿಕೆಯ ದಿನಾಂಕ ತಿಳಿಸಿ ಮಾರಿದರೆ ಸಾಕು.

ಸಂಗೀತ ಕಛೇರಿಯ ಪೋಸ್ಟರ್‌ಗಳ ಕಥೆಯೇ ಬೇರೆ. ಸ್ಯಾನ್ ಫ್ರಾನ್ಸಿಸ್ಕೋದ ಅವಲಾನ್ ಬಾಲ್‌ರೂಮ್‌ನಲ್ಲಿ 1966ರ ಸೆಪ್ಟೆಂಬರ್‌ನಲ್ಲಿ ನಡೆದ ಗ್ರೇಟ್‌ಫುಲ್ ಡೆಡ್ ಎಂಬ ರಾಕ್ ತಂಡದ ಕಛೇರಿಗೆ ಸ್ಟ್ಯಾನ್ಲಿ ಮೌಸ್ ಮತ್ತು ಆಲ್ಟನ್ ಕೆಲ್ಲಿ ರೂಪಿಸಿದ ಅಸ್ಥಿಪಂಜರ–ಗುಲಾಬಿಯ ಪೋಸ್ಟರ್ ಮತ್ತೆ ಮತ್ತೆ ಮುದ್ರಣಗೊಂಡಿದೆ. ಪ್ರಕಾಶಕರೇ ಹೊರತಂದ ಮರುಮುದ್ರಣ ನಕಲಿಯಲ್ಲ, ಆದರೆ ಮೊದಲ ಮುದ್ರಣದ ಬೆಲೆ ಅದಕ್ಕಿಲ್ಲ. ಅಳತೆ, ಕಾಗದದ ದಪ್ಪ, ಅಂಚಿನ ಅಕ್ಷರಗಳನ್ನು ಹೋಲಿಸಬಲ್ಲ ತಜ್ಞರಿಗೆ ಇಂಥದ್ದನ್ನು ಮಾರುವ ಮುನ್ನ ತೋರಿಸಲೇಬೇಕು.